ಮೀಯುವ ನೀರು, ಎರೆಯುವ ನೀರು: ಶಿಶು ದೀಕ್ಷಾಸ್ನಾನದ ಕನ್ನಡ ಪರಿಭಾಷೆಯನ್ನು ಕುರಿತು

ಕನ್ನಡದಲ್ಲಿ ಮಿಶನರಿಗಳ ಕೆಲಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಮತ್ತು ಶಾಲಾ ಶಿಕ್ಷಣಗಳ ಸುತ್ತ ಬೆಳೆದುಬಂದಿವೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ತೆರೆದ ದಾರಿಯಲ್ಲಿ ನಡೆದ ನಾವು ಕಿಟ್ಟೆಲ್, ಮೋಗ್ಲಿಂಗ್, ರೈಸ್ ಮೊದಲಾದವರನ್ನು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಸರಿಯಾಗಿಯೇ ಪ್ರತಿಷ್ಠಾಪಿಸಿದ್ದೇವೆ. ಆದರೆ ಆ ವಿದ್ವಾಂಸರು ಯಾವ ಕಾರ್ಯಕ್ಕಾಗಿ ಇಲ್ಲಿಗೆ ಬಂದರೋ ಆ ಕಾರ್ಯದ ಭಾಷೆ, ಅಂದರೆ ದೇವಾಲಯದೊಳಗಿನ ಸಂಸ್ಕಾರಗಳ ಕನ್ನಡ, ನಮ್ಮ ವಿಭಾಗಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಅದು ದೇವಶಾಸ್ತ್ರದವರ ಕ್ಷೇತ್ರವೆಂದು ನಾವು ಬಿಟ್ಟೆವು. ದೇವಶಾಸ್ತ್ರದವರು ಅದನ್ನು ಇಂಗ್ಲಿಷಿನಲ್ಲಿ ಚರ್ಚಿಸಿದರು. ಹೀಗೆ ಎರಡು ಮನೆಯ ನಡುವೆ ಉಳಿದುಹೋದ ಒಂದು ಪ್ರಶ್ನೆಯನ್ನು ಪ್ರಸ್ತುತ ಲೇಖನ ಕನ್ನಡದ ಪ್ರಶ್ನೆಯನ್ನಾಗಿ ಎತ್ತಿಕೊಳ್ಳುತ್ತದೆ: ಮಾತೇ ಬಾರದ ಹಸುಳೆಗೆ ಕ್ರೈಸ್ತ ಸಭೆಯು ಕೊಡುವ ದೀಕ್ಷಾಸ್ನಾನಕ್ಕೆ ಕನ್ನಡದಲ್ಲಿ ಏನರ್ಥ?

ಪ್ರಶ್ನೆ ಕೇವಲ ಪುಸ್ತಕದ್ದಲ್ಲ. ಬೆಂಗಳೂರು ದಂಡುಪ್ರದೇಶದ ಈಶಾನ್ಯಕ್ಕಿರುವ ಲಿಂಗರಾಜಪುರದಲ್ಲಿ, ಅದಕ್ಕೆ ತಾಗಿಕೊಂಡ ಸೇಂಟ್ ಥಾಮಸ್ ಟೌನ್, ಕಮ್ಮನಹಳ್ಳಿ, ಹೆಣ್ಣೂರು ರಸ್ತೆಗಳಲ್ಲಿ ಒಂದು ಸುತ್ತು ಬಂದರೆ ಇದು ಅರಿವಾಗುತ್ತದೆ. ಕಥೋಲಿಕರು, ದಕ್ಷಿಣ ಭಾರತ ಸಭೆಯವರು, ಸುರಿಯಾನಿ ಪರಂಪರೆಯವರು ಶಿಶುಗಳನ್ನು ಸಂಸ್ಕಾರಕ್ಕೆ ಕರೆತರುತ್ತಾರೆ. ಪೆಂತೆಕೊಸ್ತಿನವರೂ ಬ್ಯಾಪ್ಟಿಸ್ಟರೂ ಅದನ್ನು ಸಂಸ್ಕಾರವೆಂದೇ ಒಪ್ಪದೆ, ಬಾಯಿಂದ ನಂಬಿಕೆಯನ್ನು ಅರಿಕೆಮಾಡಬಲ್ಲವರನ್ನು ಮಾತ್ರ ನೀರಿನಲ್ಲಿ ಮುಳುಗಿಸುತ್ತಾರೆ. ಒಂದೇ ಮನೆಯಲ್ಲಿ ಅಜ್ಜಿ ಒಂದು ಪಕ್ಷ, ಮೊಮ್ಮಗ ಇನ್ನೊಂದು ಪಕ್ಷವಾಗುವುದು ಈ ಕಡೆ ಅಪರೂಪವಲ್ಲ. ಮೊಮ್ಮಗ ಎರಡನೆಯ ಬಾರಿ ನೀರಿಗಿಳಿದನೆಂದರೆ, ತಾನು ಎತ್ತಿಕೊಂಡು ಹೋಗಿ ಮಾಡಿಸಿದ್ದು ಸುಳ್ಳಾಯಿತೆಂದು ಅಜ್ಜಿ ನೊಂದುಕೊಳ್ಳುತ್ತಾಳೆ.

ಭಾಷಾಧ್ಯಯನದ ದೃಷ್ಟಿಯಿಂದ ಲಿಂಗರಾಜಪುರ ಇನ್ನೊಂದು ಕಾರಣಕ್ಕೂ ಗಮನಾರ್ಹ. ಒಂದೇ ಕ್ರಿಯೆಗೆ ಇಲ್ಲಿ ನಾಲ್ಕು ಹೆಸರುಗಳು ಓಡಾಡುತ್ತವೆ. ತಮಿಳರು ‘ಜ್ಞಾನಸ್ನಾನ’ವೆನ್ನುತ್ತಾರೆ, ಈ ಪದವನ್ನು ಕನ್ನಡ ಕಥೋಲಿಕರಲ್ಲಿಯೂ ಕೇಳಬಹುದು. ಮಲಯಾಳದ ಸುರಿಯಾನಿ ಕ್ರೈಸ್ತರು ‘ಮಾಮೋದೀಸ’ ಎನ್ನುತ್ತಾರೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವರಿಗೆ ಅದು ‘ಬ್ಯಾಪ್ಟಿಸಂ’. ಕನ್ನಡ ಬೈಬಲನ್ನು ಓದುವವರಿಗೆ ‘ದೀಕ್ಷಾಸ್ನಾನ’. ಮಾಮೋದೀಸ ಸುರಿಯಾನಿ ಮೂಲದ ಪದ. ಸಾಮಾನ್ಯ ಭಕ್ತನಿಗೆ ಅದರ ಧಾತ್ವರ್ಥ ತಿಳಿಯದು, ಆದ್ದರಿಂದ ಅದು ಅವನೊಡನೆ ವಾದಿಸುವುದೂ ಇಲ್ಲ. ಬ್ಯಾಪ್ಟಿಸಂ ಕೂಡ ಹಾಗೆಯೇ. ಆದರೆ ದೀಕ್ಷಾಸ್ನಾನ ಎಂಬುದು ಕನ್ನಡಿಗನಿಗೆ ಎರಡು ಕಡೆಯಿಂದಲೂ ಅರ್ಥ ಹೊಳೆಯಿಸುವ ಸಮಾಸ. ಪಾರದರ್ಶಕವಾದ ಪದವು ತನ್ನದೇ ಆದ ದೇವಶಾಸ್ತ್ರವನ್ನು ಬೋಧಿಸತೊಡಗುತ್ತದೆ. ಮೂಲ ಸಭೆಯ ದೇವಶಾಸ್ತ್ರಕ್ಕೂ ಪದದೊಳಗಿನ ದೇವಶಾಸ್ತ್ರಕ್ಕೂ ಹೊಂದಾಣಿಕೆಯಾಗದಿದ್ದಾಗ ಏನಾಗುತ್ತದೆ ಎಂಬುದೇ ನಮ್ಮ ಮುಂದಿರುವ ಸಮಸ್ಯೆ.

ಮೊದಲು ‘ದೀಕ್ಷೆ’ಯನ್ನು ನೋಡೋಣ. ಈ ನೆಲದಲ್ಲಿ ದೀಕ್ಷೆ ಎಂಬುದು ಬದುಕಿನ ನಡುವೆ ಬರುವ ತಿರುವು. ಜೈನಪುರಾಣಗಳಲ್ಲಿ ರಾಜ್ಯವನ್ನು ತ್ಯಜಿಸಿ ದೀಕ್ಷೆ ಕೈಗೊಳ್ಳುವವನು ಭೋಗವನ್ನೂ ಅದರ ನಶ್ವರತೆಯನ್ನೂ ಕಂಡವನು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ಕ್ರಿಯೆಗಳನ್ನು ವಿಂಗಡಿಸಿರುವ ರೀತಿಯನ್ನು ಇಲ್ಲಿ ನೆನೆಯಬೇಕು. ಜೈನಕುಲದಲ್ಲಿ ಹುಟ್ಟಿದವನಿಗೆ ಗರ್ಭದಿಂದ ಮೊದಲ್ಗೊಂಡು ನಡೆಯುವ 53 ಗರ್ಭಾನ್ವಯ ಕ್ರಿಯೆಗಳು. ಹೊರಗಿನಿಂದ ಬಂದು ಜೈನಧರ್ಮವನ್ನು ಸ್ವೀಕರಿಸುವವನಿಗೆ 48 ದೀಕ್ಷಾನ್ವಯ ಕ್ರಿಯೆಗಳು. ಹುಟ್ಟಿ ಬಂದವನಿಗೂ ನಂಬಿ ಬಂದವನಿಗೂ ಎರಡು ಬಾಗಿಲುಗಳನ್ನು, ಎರಡು ಹೆಸರುಗಳನ್ನು 9ನೆಯ ಶತಮಾನದಲ್ಲಿಯೇ ಈ ಆಚಾರ್ಯನು ಇಟ್ಟಿದ್ದನು. ವೀರಶೈವ ಪರಂಪರೆಯಲ್ಲಿಯೂ ಇಂತಹ ಇಬ್ಬಗೆ ಕಾಣುತ್ತದೆ. ಗರ್ಭದಲ್ಲಿರುವ ಶಿಶುವಿನ ಹೆಸರಿನಲ್ಲಿ, ಹುಟ್ಟಿದ ಮೇಲೆ ಶಿಶುವಿಗೆ ನಡೆಯುವುದು ಲಿಂಗಧಾರಣೆ. ಮುಂದೆ ತಿಳಿವು ಮೂಡುವ ವಯಸ್ಸಿನಲ್ಲಿ ಗುರುವು ಕಿವಿಯಲ್ಲಿ ಮಂತ್ರವನ್ನು ಉಪದೇಶಿಸಿ ಕೊಡುವುದು ದೀಕ್ಷೆ. ಧರಿಸುವುದು ಬೇರೆ, ದೀಕ್ಷಿತನಾಗುವುದು ಬೇರೆ ಎಂಬ ಅರಿವು ಬಳಕೆಯ ಮಾತಿನಲ್ಲಿಯೇ ಇದೆ.

ಕನ್ನಡ ಕ್ರೈಸ್ತ ಸಭೆಯಾದರೋ ಎರಡಕ್ಕೂ ಒಂದೇ ಪದವನ್ನು ಇಟ್ಟುಕೊಂಡಿತು. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯರು ಮನೆಮಾರು, ಬಂಧುಬಳಗಗಳ ವಿರೋಧವನ್ನು ಎದುರಿಸಿ ಪಡೆದದ್ದೂ ದೀಕ್ಷಾಸ್ನಾನ. ಇಂದು ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ತಾಯಿಯ ತೋಳಿನಲ್ಲಿ ನಿದ್ರಿಸುತ್ತಿರುವ ಮಗು ಪಡೆಯುವುದೂ ದೀಕ್ಷಾಸ್ನಾನ. ಮೊದಲನೆಯದಕ್ಕೆ ಈ ಪದ ಎಷ್ಟು ಒಪ್ಪುತ್ತದೆಯೋ ಎರಡನೆಯದಕ್ಕೆ ಅಷ್ಟೇ ತೊಡಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ನಾನವು ಒಂದೇ ಎಂದು ಪೌಲನ ಪತ್ರಿಕೆಗಳ ಆಧಾರದಿಂದ ಸಭೆ ಬೋಧಿಸುತ್ತದೆ; ಎರಡು ಹೆಸರಿಟ್ಟರೆ ಆ ಏಕತೆ ಒಡೆಯುತ್ತದೆ ಎಂಬುದು ದೇವಶಾಸ್ತ್ರಜ್ಞರು ಹೇಳಬಹುದಾದ ಉತ್ತರ. ಉತ್ತರ ನ್ಯಾಯವಾದದ್ದೇ. ಆದರೆ ಅದರ ಬೆಲೆಯನ್ನು ತೆತ್ತದ್ದು ಶಿಶುವಿನ ಪಕ್ಷ.

ಇನ್ನು ‘ಸ್ನಾನ’. ಈ ಗ್ರೀಕ್ ಪದವನ್ನು ಭಾಷಾಂತರಿಸುವುದೋ, ಲಿಪ್ಯಂತರಿಸಿ ಬಿಡುವುದೋ ಎಂಬುದು 19ನೆಯ ಶತಮಾನದಲ್ಲಿ ಸಣ್ಣ ಜಗಳವಾಗಿರಲಿಲ್ಲ. ಬಂಗಾಳದ ಬ್ಯಾಪ್ಟಿಸ್ಟ್ ಮಿಶನರಿಗಳು ಮುಳುಗುವುದೆಂಬ ಅರ್ಥದ ಪದವನ್ನು ಬಳಸಿದ್ದರಿಂದ ಬ್ರಿಟಿಷ್ ಬೈಬಲ್ ಸಂಘವು 1830ರ ದಶಕದಲ್ಲಿ ಅವರ ಬಂಗಾಳಿ ಅನುವಾದಕ್ಕೆ ನೆರವನ್ನು ನಿರಾಕರಿಸಿತು. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಅನುವಾದ ಸಂಘವನ್ನು ಕಟ್ಟಿಕೊಂಡರು. ಕನ್ನಡದಲ್ಲಿ ಶ್ರೀರಾಮಪುರದ ಬ್ಯಾಪ್ಟಿಸ್ಟರು 1823ರಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚುಮಾಡಿದ್ದುಂಟು. ಆದರೆ ಕನ್ನಡ ಬೈಬಲಿನ ಮುಖ್ಯ ಧಾರೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರಿಂದ 1831ರಲ್ಲಿ ಪೂರ್ಣಗೊಂಡು, ಮುಂದೆ ಲಂಡನ್, ಬಾಸೆಲ್, ವೆಸ್ಲಿಯನ್ ಮಿಶನ್ನುಗಳವರ ಪರಿಷ್ಕರಣೆಗಳಲ್ಲಿ ಹರಿದುಬಂದದ್ದು. ಈ ಮೂರೂ ಮಿಶನ್ನುಗಳು ಶಿಶುಗಳಿಗೆ ಸ್ನಾನ ಕೊಡುತ್ತಿದ್ದವು. ಆದರೂ ಆ ಧಾರೆಯಲ್ಲಿ ನೆಲೆನಿಂತದ್ದು ‘ಸ್ನಾನ’, ಯೋಹಾನನು ‘ಸ್ನಾನಿಕ’ನಾದನು. ಮುಳುಗು ಎನ್ನದೆ, ಪ್ರೋಕ್ಷಣೆ ಎನ್ನದೆ ನಡುದಾರಿ ಹಿಡಿದಂತೆ ಇದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಕನ್ನಡಿಗನಿಗೆ ಸ್ನಾನವೆಂದರೆ ಮೈಯೆಲ್ಲ ನೆನೆಯುವುದು. ತಲೆಗೆ ಸ್ನಾನ, ಮೈಗೆ ಸ್ನಾನ ಎಂದು ವಿಂಗಡಿಸುವಷ್ಟು ಆತ ಈ ವಿಷಯದಲ್ಲಿ ನಿಷ್ಠುರ. ಹನಿ ಚಿಮುಕಿಸಿದರೆ ಸ್ನಾನವಾದೀತೇ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಬೇಕಾದರೆ ಗ್ರೀಕ್ ತಿಳಿದಿರಬೇಕು. ಕನ್ನಡದಲ್ಲಿ ಹುಟ್ಟಲು ಕನ್ನಡ ತಿಳಿದಿದ್ದರೆ ಸಾಕು. ಲಿಂಗರಾಜಪುರದ ಬೀದಿಯಲ್ಲಿ ಪೆಂತೆಕೊಸ್ತಿನ ಬೋಧಕನ ವಾದ ಸಲೀಸಾಗಿ ಮನಸ್ಸಿಗೆ ಇಳಿಯುವುದರಲ್ಲಿ ಅನುವಾದಕರ ಪಾಲೂ ಇದೆ. (ಸುರಿಯಾನಿ ಪರಂಪರೆಯ ಕೆಲವರು ಶಿಶುವನ್ನೇ ನೀರಿನಲ್ಲಿ ಇಳಿಸುತ್ತಾರೆ, ಹಾಗಾಗಿ ಮುಳುಗಿಸುವ ವಿಧಿಯೂ ವಯಸ್ಸಿನ ಪ್ರಶ್ನೆಯೂ ಒಂದೇ ಅಲ್ಲ.)

ಹಾಗಾದರೆ ಶಿಶುವಿಗೆ ಸ್ನಾನವೇಕೆ? ಸಭೆಯ ಇತಿಹಾಸದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಕ್ರಿ.ಶ. 200ರ ಸುಮಾರಿಗೆ ತೆರ್ತುಲಿಯನ್ ಮಕ್ಕಳ ಸ್ನಾನವನ್ನು ಮುಂದೂಡುವುದು ಲೇಸೆಂದನು. ಅವನು ಬೇಡವೆಂದದ್ದರಿಂದಲೇ ಆ ರೂಢಿ ಆಗ ಇತ್ತೆಂಬುದು ಗೊತ್ತಾಗುತ್ತದೆ. ಅರ್ಧ ಶತಮಾನದ ನಂತರ ಕಾರ್ಥೇಜಿನಲ್ಲಿ ಸಿಪ್ರಿಯನ್ ಮತ್ತು ಅವನ ಸಹ ಬಿಷಪರು ಎಂಟನೆಯ ದಿನದವರೆಗೂ ಕಾಯಬೇಕಿಲ್ಲವೆಂದು ತೀರ್ಮಾನಿಸಿದರು. ಅಗಸ್ಟೀನನು ಜನ್ಮಪಾಪದ ನಿವಾರಣೆಯನ್ನು ಮುಂದುಮಾಡಿದನು. ಒಡಂಬಡಿಕೆಯ ವಾದ ಮಾತ್ರ ತನ್ನ ಖಚಿತ ರೂಪವನ್ನು ಪಡೆದದ್ದು 16ನೆಯ ಶತಮಾನದ ಜ್ಯೂರಿಕ್ ನಗರದಲ್ಲಿ. 1525ರ ಜನವರಿಯಲ್ಲಿ ಅಲ್ಲಿ ಕೆಲವರು ತಮ್ಮ ಶೈಶವದ ಸ್ನಾನವನ್ನು ತಳ್ಳಿಹಾಕಿ ಪರಸ್ಪರ ಸ್ನಾನ ಮಾಡಿಸಿಕೊಂಡರು. 1527ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಸನನ್ನು ನಗರಾಡಳಿತ ನದಿಯಲ್ಲಿ ಮುಳುಗಿಸಿಯೇ ಕೊಂದಿತು. ಇವರಿಗೆ ಉತ್ತರವಾಗಿ ತ್ಸ್ವಿಂಗ್ಲಿ, ಅವನ ನಂತರ 1534ರಲ್ಲಿ ಬುಲ್ಲಿಂಗರ್, ದೇವರು ಅಬ್ರಹಾಮನೊಡನೆ ಮಾಡಿದ ಒಡಂಬಡಿಕೆಯನ್ನು ಎತ್ತಿಹಿಡಿದರು. ಆ ಒಡಂಬಡಿಕೆ ಅಬ್ರಹಾಮನಿಗೆ ಮಾತ್ರವಲ್ಲ, ಅವನ ಸಂತತಿಗೂ ಸಲ್ಲುವುದು. ಅದರ ಗುರುತಾದ ಸುನ್ನತಿಯನ್ನು ಎಂಟು ದಿನದ ಗಂಡುಮಗುವೂ ಪಡೆಯುತ್ತಿತ್ತು. ಕ್ರಿಸ್ತನಲ್ಲಿ ಅದೇ ಒಡಂಬಡಿಕೆ ಮುಂದುವರಿದಿದ್ದು ಗುರುತು ಮಾತ್ರ ಬದಲಾಗಿ ನೀರಾಯಿತು, ಹೆಣ್ಣುಮಕ್ಕಳಿಗೂ ದೊರೆಯಿತು. ವಾದದ ಸಾರ ಇಷ್ಟೇ. ಅಪೊಸ್ತಲರ ಕೃತ್ಯಗಳಲ್ಲಿ ಲುದ್ಯಳೂ ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯೂ ಮನೆಯವರೆಲ್ಲರೊಡನೆ ಸ್ನಾನ ಪಡೆದ ಪ್ರಸಂಗಗಳನ್ನು ಇದಕ್ಕೆ ಬೆಂಬಲವಾಗಿ ತರುತ್ತಾರೆ. ಆ ಮನೆಗಳಲ್ಲಿ ಹಸುಳೆಗಳಿದ್ದವೇ ಎಂಬುದರ ಮೇಲೆ ಜರ್ಮನಿಯ ಯೆರೆಮಿಯಾಸ್ ಮತ್ತು ಆಲಂಡ್ 20ನೆಯ ಶತಮಾನದ ನಡುವಿನಲ್ಲಿ ಪುಸ್ತಕಗಳನ್ನೇ ಬರೆದು ಜಗಳಾಡಿದರು.

ಈ ವಾದವನ್ನು ಕನ್ನಡಕ್ಕೆ ತಂದಾಗ ಅದು ನಿಲ್ಲುವುದೇ ‘ಒಡಂಬಡಿಕೆ’ ಎಂಬ ಪದದ ಮೇಲೆ. ಪದವೇನೋ ಅಚ್ಚ ಕನ್ನಡದ್ದು, ಹಳೆಯದು, ಸುಂದರವಾದದ್ದು. ಒಡಂಬಡು ಎಂದರೆ ಒಪ್ಪು, ಸಮ್ಮತಿಸು. ಒಡಂಬಡಿಕೆಗೆ ಇಬ್ಬರು ಬೇಕು, ಇಬ್ಬರಿಗೂ ಬಾಯಿ ಬೇಕು. ಹೀಗಾಗಿ ‘ಒಡಂಬಡಿಕೆಯ ಗುರುತಾಗಿ ಶಿಶುವಿಗೆ ಸ್ನಾನ’ ಎಂದು ಕನ್ನಡದಲ್ಲಿ ಹೇಳಿದ ಕೂಡಲೆ, ಒಡಂಬಡಲಾರದವನಿಗೆ ಒಡಂಬಡಿಕೆ ಎಲ್ಲಿಂದ ಬಂತು ಎಂಬ ಪ್ರತಿಪ್ರಶ್ನೆ ಪದದೊಳಗಿನಿಂದಲೇ ಏಳುತ್ತದೆ. ಹೀಬ್ರೂವಿನ ‘ಬೆರೀತ್’ ಹೀಗೆ ಸಮಸಮರ ಒಪ್ಪಂದಕ್ಕೇ ಸೀಮಿತವಲ್ಲ. ಅದನ್ನು ಗ್ರೀಕಿಗೆ ತಂದ ಯೆಹೂದಿ ಅನುವಾದಕರ ಮುಂದೆ ಎರಡು ಪದಗಳಿದ್ದವು: ಪರಸ್ಪರ ಒಪ್ಪಂದವೆಂಬರ್ಥದ ‘ಸುಂಥೇಕೇ’, ಒಬ್ಬನು ತನ್ನ ಇಚ್ಛೆಯಿಂದ ಮಾಡುವ ವ್ಯವಸ್ಥೆ ಅಥವಾ ಮರಣಶಾಸನವೆಂಬರ್ಥದ ‘ದಿಯಾಥೇಕೇ’. ಅವರು ಆಯ್ದುಕೊಂಡದ್ದು ಎರಡನೆಯದನ್ನು. ಕನ್ನಡದ ಅನುವಾದಕರು ಆಯ್ದುಕೊಂಡದ್ದು ಮೊದಲನೆಯದಕ್ಕೆ ಸಮೀಪವಾದುದನ್ನು. ಇದನ್ನು ತಪ್ಪೆನ್ನುವುದು ನನ್ನ ಉದ್ದೇಶವಲ್ಲ. ಸೀನಾಯಿ ಬೆಟ್ಟದ ಬುಡದಲ್ಲಿ ಜನರೆಲ್ಲ ಒಪ್ಪಿ ನುಡಿದ ಸಂದರ್ಭಕ್ಕೆ ಒಡಂಬಡಿಕೆಯೇ ತಕ್ಕ ಪದ. ಅಬ್ರಹಾಮನ ಸಂದರ್ಭಕ್ಕೆ ಅದು ಸಾಲದು.

ಸಾಲದಾದ ಕಡೆ ಕನ್ನಡವು ಬರಿಗೈಯೆಂದು ಭಾವಿಸಬೇಕಾಗಿಲ್ಲ. ನಮ್ಮ ಶಾಸನಗಳನ್ನು ನೋಡಬಹುದು. ಮೋಶೆ ವೈನ್‌ಫೆಲ್ಡ್ ಎಂಬ ವಿದ್ವಾಂಸನು 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅಬ್ರಹಾಮ ಮತ್ತು ದಾವೀದರ ಒಡಂಬಡಿಕೆಗಳನ್ನು ಪ್ರಾಚೀನ ಪಶ್ಚಿಮ ಏಷ್ಯದ ರಾಜದತ್ತಿಗಳಿಗೆ ಹೋಲಿಸಿದನು. ರಾಜನು ನಿಷ್ಠಾವಂತನಾದ ಸೇವಕನಿಗೂ ಅವನ ಸಂತತಿಗೂ ಭೂಮಿಯನ್ನು ಕೊಡುವ ಪತ್ರಗಳವು. ಇದನ್ನು ಓದುವ ಕನ್ನಡದ ಶಾಸನಾಭ್ಯಾಸಿಗೆ ದತ್ತಿಶಾಸನ ನೆನಪಾಗದಿರದು. ದಾನಿಯ ಹೆಸರು, ತಿಥಿ, ಎಲ್ಲೆಗಳು, ಪುತ್ರಪೌತ್ರ ಪಾರಂಪರ್ಯವಾಗಿ ಚಂದ್ರಸೂರ್ಯರಿರುವ ತನಕ ಸಲ್ಲುವುದೆಂಬ ವಿಧಿ, ಕೊನೆಗೆ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂಬ ಶಾಪಾಶಯ. ಇಲ್ಲಿ ಪಡೆಯುವವನ ಮೊಮ್ಮಗನು ಒಡಂಬಟ್ಟನೇ ಎಂದು ಯಾರೂ ಕೇಳುವುದಿಲ್ಲ, ಅವನಿನ್ನೂ ಹುಟ್ಟಿಲ್ಲ. ಆದರೂ ಶಾಸನದಲ್ಲಿ ಅವನಿಗೆ ಸ್ಥಾನವಿದೆ. ಹುಟ್ಟಿದ ಮೇಲೆ ಅವನು ಆ ಭೂಮಿಯನ್ನು ಉತ್ತು ಉಣ್ಣಬಹುದು, ಹಾಳುಗೆಡವಬಹುದು. ದತ್ತಿ ಮಾತ್ರ ಅವನ ಒಪ್ಪಿಗೆಯಿಂದ ಹುಟ್ಟಿದ್ದಲ್ಲ. ಸುನ್ನತಿಯಾಗದವನು ಕುಲದಿಂದ ತೆಗೆದುಹಾಕಲ್ಪಡುವನೆಂಬ ಆದಿಕಾಂಡದ ಎಚ್ಚರಿಕೆಯೂ ಈ ಶಾಪಾಶಯದ ಪಕ್ಕದಲ್ಲಿಟ್ಟಾಗ ಅಷ್ಟು ಅಪರಿಚಿತವೆನಿಸದು.

ಇದಕ್ಕಿಂತಲೂ ಮುಖ್ಯವಾದದ್ದು ಶಾಸನಗಳ ‘ಧಾರಾಪೂರ್ವಕ’ ಎಂಬ ಪದ. ದಾನವು ನೀರಿನೊಡನೆ ನಡೆಯುತ್ತದೆ. ದಾನಿಯು ಎರೆಯುತ್ತಾನೆ, ಪಡೆಯುವವನು ಕೈಯೊಡ್ಡುತ್ತಾನೆ. ಮದುವೆಯ ಧಾರೆಯಲ್ಲಿ ಇಂದಿಗೂ ಇದು ಜೀವಂತ. ಅಂದರೆ ಕನ್ನಡದ ಲೋಕದಲ್ಲಿ ಎರಡು ನೀರುಗಳಿವೆ: ತಾನೇ ಇಳಿದು ಮೀಯುವ ನೀರು, ಇನ್ನೊಬ್ಬರು ಎರೆಯುವ ನೀರು. ಹಸುಳೆಯ ವಿಷಯದಲ್ಲಿ ನಮ್ಮ ಮನೆಮಾತು ಈ ವ್ಯತ್ಯಾಸವನ್ನು ಎಂದೋ ಕಂಡುಕೊಂಡಿದೆ. ಮಗು ಸ್ನಾನ ಮಾಡುವುದಿಲ್ಲ, ಮಗುವಿಗೆ ಎರೆಯುತ್ತಾರೆ. ಬಾಣಂತಿಯ ಮನೆಗೆ ಬಂದು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುವ ಹೆಂಗಸಿಗೆ ದೇವಶಾಸ್ತ್ರ ತಿಳಿಯದಿರಬಹುದು, ಕ್ರಿಯಾಪದ ಮಾತ್ರ ಸರಿಯಾಗಿ ತಿಳಿದಿದೆ. ಶಿಶುವಿನ ಸಂಸ್ಕಾರವನ್ನು ‘ಸ್ನಾನ’ವೆಂದು ಕರೆದದ್ದರಿಂದ ಮೀಯುವವನ ಕಡೆಗೆ ನಮ್ಮ ಕಣ್ಣು ಹೋಯಿತು, ‘ಎರೆತ’ ಅಥವಾ ‘ಧಾರೆ’ ಎಂದಿದ್ದರೆ ಎರೆಯುವವನ ಕಡೆಗೆ ಹೋಗುತ್ತಿತ್ತು. ಒಡಂಬಡಿಕೆಯ ದೇವಶಾಸ್ತ್ರ ಹೇಳಬಯಸುವುದೂ ಅದನ್ನೇ: ಆ ನೀರು ಮಗುವಿನ ನಂಬಿಕೆಯ ಅರಿಕೆಯಲ್ಲ, ಕೊಡುವವನ ಮಾತಿಗೆ ಬಿದ್ದ ಮುದ್ರೆ. ವಯಸ್ಕರ ಸ್ನಾನವನ್ನಷ್ಟೇ ಒಪ್ಪುವವರು ಈ ವಾದವನ್ನು ತಿರಸ್ಕರಿಸಬಹುದು. ಅವರಿಗೆ ಅದಕ್ಕೆ ಶಾಸ್ತ್ರಾಧಾರಗಳಿವೆ. ಆದರೆ ತಿರಸ್ಕರಿಸುವ ಮುನ್ನ ವಾದವು ಕನ್ನಡದಲ್ಲಿ ಒಮ್ಮೆ ಸರಿಯಾಗಿ ಕೇಳಿಸಬೇಕು.

ಆದರೆ ದತ್ತಿಯ ರೂಪಕವನ್ನು ಇಷ್ಟಕ್ಕೇ ಬಿಟ್ಟು ಸಂತೋಷಪಡುವಂತಿಲ್ಲ. ಅಗ್ರಹಾರಗಳ ದತ್ತಿಗಳಲ್ಲಿ ಭೂಮಿಯೊಡನೆ ಅದರಲ್ಲಿ ದುಡಿಯುವವರ ಬದುಕೂ ಕೈಬದಲಾಗುತ್ತಿತ್ತು. ಕರ್ನಾಟಕದ ಕ್ರೈಸ್ತರಲ್ಲಿ ಗಣನೀಯ ಪಾಲು ಯಾರ ವಂಶದವರೋ ಅವರು ಶಾಸನದಲ್ಲಿ ಪಡೆದವರ ಸಾಲಿನಲ್ಲಿರಲಿಲ್ಲ. ಪಾರಂಪರ್ಯವೆಂಬ ಮಾತು ಅವರ ಕಿವಿಗೆ ಬೇರೆಯಾಗಿಯೇ ಕೇಳಿಸುತ್ತದೆ. ಹುಟ್ಟಿನಿಂದ ಬರುವ ಸದಸ್ಯತ್ವಕ್ಕೆ ಈ ನೆಲದಲ್ಲಿ ಈಗಾಗಲೇ ಒಂದು ಹೆಸರಿದೆ, ಅದು ಜಾತಿ. ಶಿಶುಸ್ನಾನದ ವಿರೋಧಿಗಳ ವಾದಗಳಲ್ಲಿ ನನಗೆ ಅತ್ಯಂತ ಭಾರವೆನಿಸುವುದು ಗ್ರೀಕ್ ಧಾತುವಿನದಲ್ಲ, ಇದು. ದೀಕ್ಷೆಯಿಂದ ಹುಟ್ಟಿನ ಕಲೆ ಅಳಿಯುವುದೆಂದು ಸಾರಿದ 12ನೆಯ ಶತಮಾನದ ಚಳವಳಿಯು ಮುಂದೆ ಹುಟ್ಟಿನಿಂದಲೇ ಗುರುತಿಸಿಕೊಳ್ಳುವ ಸಮುದಾಯವಾದ ಬಗೆಯನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರ್ವಜ್ಞನ ವಚನಗಳನ್ನು 1924ರಲ್ಲಿ ಸಂಪಾದಿಸಿದ, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರಾಗಿದ್ದುಕೊಂಡೇ ಶರಣ ಸಾಹಿತ್ಯಕ್ಕೆ ಮತ್ತೆ ಮತ್ತೆ ಮರಳಿದ್ದರಲ್ಲಿ ಈ ಹೋಲಿಕೆಯ ಅರಿವೂ ಇದ್ದಿರಬೇಕೆಂದು ಊಹಿಸಲು ಅವಕಾಶವಿದೆ.

ಇಂದಿನ ಕಾನೂನಿನಲ್ಲಿ ಈ ನೀರಿಗೆ ಇನ್ನೊಂದು ತೂಕವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಆ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿ, ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರು ಹೊರಗುಳಿದರು. 2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಮಹಿಳೆಯೊಬ್ಬರ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಕೋರಿಕೆಯನ್ನು ತಳ್ಳಿಹಾಕಿದಾಗ ಪರಿಶೀಲನೆಗೆ ಬಂದ ದಾಖಲೆಗಳಲ್ಲಿ ಅವರು ಹಸುಳೆಯಾಗಿದ್ದಾಗ ಪಡೆದ ಸ್ನಾನದ ದಾಖಲೆಯೂ ಇತ್ತು. ದೊಡ್ಡವರಾದ ಮೇಲೂ ಕ್ರೈಸ್ತ ಆಚರಣೆಯಲ್ಲಿ ಮುಂದುವರಿದದ್ದನ್ನು ನ್ಯಾಯಾಲಯ ಮುಖ್ಯವಾಗಿ ಗಣಿಸಿತು, ನಿಜ. ಆದರೂ ಯಾರೋ ಎತ್ತಿಕೊಂಡು ಹೋದ ಒಂದು ಬೆಳಗಿನ ನಮೂದು ಮೂವತ್ತು ವರ್ಷಗಳ ನಂತರ ಕಡತದಲ್ಲಿ ಎದ್ದು ಕೂರುತ್ತದೆ. ಧಾರೆಯೆರೆದು ಕೊಟ್ಟದ್ದು ಭಾರವೂ ಆಗಬಹುದೆಂಬುದನ್ನು ಒಡಂಬಡಿಕೆಯ ಪರವಾದ ಬರಹಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಈ ಇಕ್ಕಟ್ಟಿನಲ್ಲಿ ನಮ್ಮ ಸಾಹಿತ್ಯ ಸೂಚಿಸುವ ಒಂದು ದಾರಿಯನ್ನು ಉಲ್ಲೇಖಿಸಬೇಕು. ಬಸವಣ್ಣನ ಬಾಲ್ಯವನ್ನು ಹೇಳುವ ಎರಡು ಕಥನಗಳು ನಮ್ಮಲ್ಲಿವೆ. ಪಾಲ್ಕುರಿಕೆ ಸೋಮನಾಥ, ಭೀಮಕವಿಯರ ಪರಂಪರೆಯಲ್ಲಿ ಬಾಲಕ ಬಸವನು ಉಪನಯನವನ್ನೇ ನಿರಾಕರಿಸುತ್ತಾನೆ. ಹರಿಹರನ ರಗಳೆಯಲ್ಲಿ ಉಪನಯನವಾಗುತ್ತದೆ. ಬೆಳೆದ ಬಸವನು ಜನಿವಾರವನ್ನು ಕಳೆದೊಗೆದು ಸಂಗಮಕ್ಕೆ ನಡೆಯುತ್ತಾನೆ. ಹಿರಿಯರು ಕೊಟ್ಟದ್ದನ್ನು ಹೊತ್ತು ಬೆಳೆದು, ಅದರೊಡನೆ ಸೆಣಸಿ, ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನಕ್ಕೆ ಬರುವ ಹರಿಹರನ ಬಸವನು ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತಾನೆ. ಶಿಶುಸ್ನಾನವನ್ನು ಕೊಡುವ ಸಭೆಗಳು ಮುಂದೆ ದೃಢೀಕರಣವೆಂಬ ಸಂಸ್ಕಾರವನ್ನು ಇಟ್ಟಿರುವುದು ಇಂತಹ ತೀರ್ಮಾನಕ್ಕಾಗಿಯೇ. ಆದರೆ ಒಪ್ಪದೆ ಹೋಗುವ ಮಗನಿಗೆ ಗೌರವದ ಬಾಗಿಲನ್ನು ಅವು ತೆರೆದಿಟ್ಟಿವೆಯೇ ಎಂಬುದು ಬೇರೆ ಪ್ರಶ್ನೆ. 1970ರಲ್ಲಿ ಕೂಡಿಬಂದ ಉತ್ತರ ಭಾರತ ಸಭೆಯು ಬ್ಯಾಪ್ಟಿಸ್ಟರನ್ನೂ ಒಳಗೊಂಡದ್ದರಿಂದ ಎರಡೂ ಪದ್ಧತಿಗಳಿಗೆ ಎಡೆಮಾಡಿತು. 1947ರ ದಕ್ಷಿಣ ಭಾರತ ಸಭೆಯ ಐಕ್ಯದಲ್ಲಿ ಬ್ಯಾಪ್ಟಿಸ್ಟರು ಸೇರಿರಲಿಲ್ಲವಾಗಿ ಆ ಇಕ್ಕಟ್ಟು ಆಗ ಅದರ ಮುಂದೆ ಬರಲಿಲ್ಲ. ಈಗ ಅದರ ಸದಸ್ಯರ ಮನೆಗಳಲ್ಲಿಯೇ ಬಂದು ಕುಳಿತಿದೆ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ತೀರ್ಪು ನೀಡುವುದಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳಿಂದ ತೊಡಗಿ ದಕ್ಷಿಣ ಭಾರತ ಸಭೆಯ ಕನ್ನಡ ಆರಾಧನಾ ಪುಸ್ತಕಗಳವರೆಗೆ ಶಿಶುಸಂಸ್ಕಾರದ ವಿಧಿಯಲ್ಲಿ ಬಳಕೆಯಾಗಿರುವ ಕ್ರಿಯಾಪದಗಳನ್ನು ಅಚ್ಚಿನಿಂದ ಅಚ್ಚಿಗೆ ಹೋಲಿಸಿ ನೋಡಬೇಕು. ಬೋಧಕನು ‘ಮಾಡಿಸುತ್ತಾನೆ’ಯೋ, ‘ಕೊಡುತ್ತಾನೆ’ಯೋ, ‘ಎರೆಯುತ್ತಾನೆ’ಯೋ, ‘ಚಿಮುಕಿಸುತ್ತಾನೆ’ಯೋ, ಶಿಶುವು ‘ಪಡೆಯುತ್ತದೆ’ಯೋ, ‘ಹೊಂದುತ್ತದೆ’ಯೋ, ತಂದೆತಾಯಿಗಳ ಪ್ರತಿಜ್ಞೆ ‘ನಾನು’ ಎಂಬುದರಲ್ಲಿದೆಯೋ ‘ನಾವು’ ಎಂಬುದರಲ್ಲಿದೆಯೋ. ಬೆನ್ಸನ್ ಟೌನಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ಇದೆ. ಲಿಂಗರಾಜಪುರದಿಂದ ಅದು ದೂರವೇನಲ್ಲ. ನಮ್ಮ ಸಂಶೋಧಕರು ಕಿಟ್ಟೆಲ್ಲರ 1894ರ ನಿಘಂಟನ್ನು ಹುಡುಕಿಕೊಂಡು ಹೋಗುವ ಕಪಾಟುಗಳ ಪಕ್ಕದಲ್ಲಿಯೇ ಈ ತೆಳುವಾದ ಪುಸ್ತಕಗಳೂ ಸಾಮಾನ್ಯವಾಗಿ ಇರುತ್ತವೆ.